ಲಾಯ್ಕ ಪದಕ್ಕೆ ಕಥೆ ಕಟ್ಟುವ ಮೊದಲು

ಪ್ರೀತಿಯ ತಮ್ಮ,

ನಮ್ಮ ಕರಾವಳಿ ಕಡೆಯ ಆಡುಮಾತಿನ ಪದಗಳು ಎಲ್ಲಿಂದ ಬಂದವು ಎಂದು ನೀನು ಬರೆದು ಕಳಿಸಿದ ಕಂತುಗಳನ್ನು ಓದಿದೆ. ಬರವಣಿಗೆಗೆ ಓಟ ಉಂಟು, ನಗು ಉಂಟು. ತೊಂದರೆ ಒಂದೇ. ಪದ ಸಿಕ್ಕಿದ ಕೂಡಲೇ ಅದಕ್ಕೊಂದು ಕಥೆ ಸಿಕ್ಕಿದೆ, ಕಥೆ ಸಿಕ್ಕಿದ ಕೂಡಲೇ ನಿನ್ನ ಹುಡುಕಾಟ ನಿಂತಿದೆ. ಮೂಲ ಹೇಳಬೇಕಾದರೆ ಮೂರು ಸಂಗತಿ ಕೂಡಿ ಬರಬೇಕು ಮಾರಾಯ: ಉಚ್ಚಾರ ಹೇಗೆ ಬದಲಾಯಿತು, ಅರ್ಥ ಯಾವ ಮೆಟ್ಟಿಲು ಹತ್ತಿ ಇಳಿಯಿತು, ಆ ಪದ ಯಾರ ಬಾಯಿಂದ ಇಲ್ಲಿಗೆ ಬಂತು. ಮೂರರಲ್ಲಿ ಒಂದು ತಪ್ಪಿದರೂ ಅದನ್ನು ಊಹೆ ಎಂದೇ ಬರೆಯಬೇಕು.

ಒಳ್ಳೆಯದು, ಚೆಂದ ಎಂದು ನಾವು ಹೇಳುವ ಲಾಯ್ಕವನ್ನೇ ತೆಗೆದುಕೋ. ಅದನ್ನು ತುಳುವಿನ ಅಚ್ಚ ಪದ ಎಂದು ಬರೆದಿದ್ದೀ. ತುಳುವರು, ಹವ್ಯಕರು, ಕುಂದಾಪುರದವರು ಎಲ್ಲರೂ ಆಡುವುದರಿಂದ ಹಾಗೆ ಅನ್ನಿಸುವುದು ಸಹಜ. ಮೂಲ ಅರಬ್ಬಿಯ ‘ಲಾಯಿಕ್’, ಅಂದರೆ ಯೋಗ್ಯ, ತಕ್ಕವನು. ಪಾರಸಿ, ಉರ್ದು, ಮರಾಠಿ ಎಲ್ಲದರಲ್ಲೂ ಅದು ಉಂಟು. ಘಟ್ಟದ ಮೇಲೆ ‘ಈ ಕೆಲಸಕ್ಕೆ ಲಾಯಕ್ಕಾದ ಆಳು’ ಎನ್ನುತ್ತಾರೆ, ಬೈಯುವಾಗ ‘ನಾಲಾಯಕ್’. ಅಲ್ಲಿ ಯಾವುದಕ್ಕೆ ಲಾಯಕ್ಕು ಎಂಬ ಪ್ರಶ್ನೆಗೆ ಉತ್ತರ ವಾಕ್ಯದಲ್ಲೇ ಇರುತ್ತದೆ, ‘ಕೆಲಸಕ್ಕೆ’ ಎಂಬ ಚತುರ್ಥಿ ವಿಭಕ್ತಿ ಬಿಟ್ಟು ಪದ ನಿಲ್ಲುವುದಿಲ್ಲ. ಕರಾವಳಿಯಲ್ಲಿ ಆ ‘ಕ್ಕೆ’ ಉದುರಿಹೋಯಿತು. ‘ಸಾರು ಲಾಯ್ಕಾಗಿದೆ’, ‘ಮಗು ಲಾಯ್ಕ ಉಂಟು’. ಯಾವುದಕ್ಕೆ ಎಂದು ಯಾರೂ ಕೇಳುವುದಿಲ್ಲ. ಯೋಗ್ಯ ಎಂಬುದು ಒಳ್ಳೆಯದು ಎಂದಾಯಿತು, ಒಳ್ಳೆಯದು ಚೆಂದ ಎಂದಾಯಿತು. ನಡುವಿನ ಮೆಟ್ಟಿಲು ಘಟ್ಟದ ಮೇಲಿನ ಕನ್ನಡದಲ್ಲಿ ಇವತ್ತಿಗೂ ಜೀವಂತ ಇರುವುದೇ ಇಲ್ಲಿ ಸಾಕ್ಷಿ. ಓದುಗನಿಗೆ ನೀನು ತೋರಿಸಬೇಕಾದದ್ದು ಆ ಉದುರಿದ ‘ಕ್ಕೆ’ಯನ್ನು. ಅರಬ್ಬಿಯಿಂದ ಬಂತು ಎಂಬ ಒಂದು ಸಾಲು ಯಾರಿಗೂ ನೆನಪಿರುವುದಿಲ್ಲ.

ಮಸ್ತ್ ಇನ್ನೂ ಮಜವಾದದ್ದು. ಪಾರಸಿಯಲ್ಲಿ ಮಸ್ತ್ ಎಂದರೆ ಅಮಲೇರಿದವನು. ಅಲ್ಲಿಂದ ಖುಷಿಯಲ್ಲಿ ತೇಲುವವನು, ಆಮೇಲೆ ಖುಷಿ ಕೊಡುವಂಥದ್ದು, ‘ಸಿನಿಮಾ ಮಸ್ತಾಗಿದೆ’. ಇಷ್ಟು ಎಲ್ಲ ಊರಿನದ್ದು. ತುಳುವಿನಲ್ಲಿ ಮಾತ್ರ ಅದು ಲೆಕ್ಕದ ಪದವಾಗಿ ಕೂತಿದೆ: ‘ಮಸ್ತ್ ಜನ ಇತ್ತೆರ್’ ಎಂದರೆ ಬಹಳ ಜನ ಇದ್ದರು ಎಂದಷ್ಟೇ, ಅವರು ಒಳ್ಳೆಯವರೋ ಕೆಟ್ಟವರೋ ಗೊತ್ತಿಲ್ಲ. ಮಂಗಳೂರಿನ ಹುಡುಗ ಕನ್ನಡದಲ್ಲಿ ‘ಮಸ್ತ್ ಜನ ಇದ್ರು’ ಎಂದರೆ ಧಾರವಾಡದವನು ಬೇರೆಯೇ ಅರ್ಥ ಮಾಡಿಕೊಳ್ಳುತ್ತಾನೆ. ನಿನ್ನ ಬರಹದಲ್ಲಿ ಈ ವ್ಯತ್ಯಾಸ ಬರಲೇ ಇಲ್ಲ, ಯಾಕೆಂದರೆ ನೀನು ಪದವನ್ನು ಬರೆದುಕೊಂಡೆ, ವಾಕ್ಯವನ್ನು ಬರೆದುಕೊಳ್ಳಲಿಲ್ಲ.

ಆದ್ದರಿಂದ ಮೊದಲ ಕೆಲಸ ಕಾರ್ಡು. ಪೋಸ್ಟ್‌ಕಾರ್ಡ್ ಗಾತ್ರದ ದಪ್ಪ ಕಾಗದ ಸಾಕು, ಒಂದು ಪದಕ್ಕೆ ಒಂದು. ಮೇಲ್ಗಡೆ ಕಿವಿಗೆ ಬಿದ್ದ ವಾಕ್ಯ ಪೂರ್ತಿ, ಬಾಯಿಂದ ಬಂದ ಹಾಗೆಯೇ; ವ್ಯಾಕರಣ ತಿದ್ದಬೇಡ. ಕೆಳಗೆ ಹೇಳಿದವರ ಅಂದಾಜು ವಯಸ್ಸು, ಕಸುಬು, ಊರು, ಮನೆಮಾತು. ಆಮೇಲೆ ಸಂದರ್ಭ: ಸಿಟ್ಟೋ, ತಮಾಷೆಯೋ, ಯಾರಿಗೆ ಹೇಳಿದ್ದು. ತಾರೀಕು. ಹೆಸರು ಬೇಡ. ರೆಕಾರ್ಡ್ ಮಾಡುವುದಾದರೆ ಮೊದಲು ಕೇಳು. ಆದರೆ ಮೊಬೈಲ್ ಎದುರಿಟ್ಟ ಕೂಡಲೇ ಜನ ಪುಸ್ತಕದ ಭಾಷೆ ಆಡಲು ಶುರುಮಾಡುತ್ತಾರೆ, ಅದು ಗೊತ್ತಿರಲಿ. ಬೇರೆ ಬೇರೆ ಕಸುಬಿನ ಮೂವರ ಬಾಯಲ್ಲಾದರೂ ಕೇಳದೆ ‘ಇದು ನಮ್ಮ ಊರಿನ ಮಾತು’ ಎಂದು ಬರೆಯಬೇಡ. ಒಂದು ಕಾಲೇಜಿನ ಒಂದು ಬ್ಯಾಚಿನವರು ಮಾತ್ರ ಆಡುವ ಪದ ಊರಿನದ್ದಾಗುವುದಿಲ್ಲ.

ಎರಡನೆಯದು ಅಕ್ಕಪಕ್ಕದ ಭಾಷೆ. ನಮ್ಮಲ್ಲಿ ಒಂದೇ ಕಟ್ಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ, ಮಲಯಾಳಂ ಕೂತಿರುತ್ತವೆ. ಹೀಗಿದ್ದೂ ನೀನು ಪ್ರತಿ ಪದಕ್ಕೂ ಮೊದಲು ಸಂಸ್ಕೃತದ ಬಾಗಿಲು ತಟ್ಟುತ್ತೀ. ಮಲ್ಪೆಯ ಬಂದರದಲ್ಲಿ ಮೀನು ಏಲಂ ಆಗುವುದನ್ನು ನೋಡಿದ್ದೀಯಲ್ಲ? ಆ ಏಲಂ ಪೋರ್ಚುಗೀಸರ ‘ಲೇಲಾಂವ್’. ಬಂದರು ಪಾರಸಿ. ಪಗಾರ ಪೋರ್ಚುಗೀಸಿನ ‘ಪಗಾರ್’, ಅಲ್ಲಿ ಅದು ಕೊಡು, ಪಾವತಿ ಮಾಡು ಎಂಬ ಕ್ರಿಯಾಪದ. ನಮಗೆ ಬರುವಾಗ ಸಂಬಳ ಎಂಬ ನಾಮಪದವಾಯಿತು. ಮೇಸ್ತ್ರಿ, ಚಾವಿ, ಬಟಾಟೆ, ಚರ್ಚಿಗೆ ಹೇಳುವ ಇಗರ್ಜಿ, ಕಿಟಕಿಗೆ ಹೇಳುವ ಜನೆಲ್, ಎಲ್ಲ ಅದೇ ಹಡಗಿನಲ್ಲಿ ಇಳಿದವು. ಆದರೆ ಗೋವಾ ಹತ್ತಿರ ಇದೆ ಎಂದು ಎಲ್ಲವನ್ನೂ ಅವರ ಲೆಕ್ಕಕ್ಕೆ ಬರೆಯಬೇಡ. ಸಾಬೂನು ಪೋರ್ಚುಗೀಸಿನಲ್ಲೂ ಉಂಟು, ಅರಬ್ಬಿಯಲ್ಲೂ ಉಂಟು. ಮೇಜು ಪಾರಸಿಯಲ್ಲೂ ಉಂಟು, ಪೋರ್ಚುಗೀಸಿನಲ್ಲೂ ಉಂಟು. ಇಂಥ ಕಡೆ ಎರಡು ದಾರಿಯನ್ನೂ ಹೇಳಿ ಮುಂದೆ ಹೋಗು.

ಉಚ್ಚಾರದ ಲೆಕ್ಕ ಕಲಿಯಲೇಬೇಕು. ಕನ್ನಡದ ಮಟ್ಟಿಗೆ ಬಹಳ ಉಪಯೋಗಕ್ಕೆ ಬರುವುದು ಪಕಾರ ಹಕಾರದ ಸೂತ್ರ. ಹಳಗನ್ನಡದಲ್ಲಿ ಪದದ ಮೊದಲಿಗಿದ್ದ ಪ 10ನೇ ಶತಮಾನದಿಂದೀಚೆಗೆ ಮೆಲ್ಲನೆ ಹ ಆಯಿತು. ತುಳು ಅದನ್ನು ಹಾಗೆಯೇ ಇಟ್ಟುಕೊಂಡಿತು. ಪಿಲಿ–ಹುಲಿ, ಪೂ–ಹೂ, ಪರ್ಬ–ಹಬ್ಬ. ಹಾಗಾಗಿ ಇವತ್ತಿನ ಕನ್ನಡದ ಆಡುಮಾತಿನಲ್ಲಿ ಪಕಾರದಿಂದ ಶುರುವಾಗುವ ಪದ ಸಿಕ್ಕಿದರೆ ಅನುಮಾನಪಡು: ಒಂದೋ ಆಮೇಲೆ ಹೊರಗಿಂದ ಬಂದದ್ದು, ಅಥವಾ ತುಳುವಿನದ್ದು, ಅಥವಾ ಸಂಸ್ಕೃತದ್ದು, ಇಲ್ಲದಿದ್ದರೆ ಪಿಸಪಿಸ, ಪಟಪಟದ ಹಾಗೆ ಸದ್ದಿನ ಪದ. ಪುಕ್ಕಟೆಯನ್ನು ನೀನು ಹಳಗನ್ನಡಕ್ಕೆ ಒಯ್ದಿದ್ದೀ. ಅಷ್ಟು ಹಳತಾಗಿದ್ದರೆ ಅದು ಹುಕ್ಕಟೆ ಆಗಬೇಕಿತ್ತಲ್ಲ? ಅದು ಮರಾಠಿಯ ‘ಫುಕಟ್’. ಪುಕ್ಸಟ್ಟೆ ಎನ್ನುವುದು ನಾವು ಅದರ ಮೇಲೆ ಮಾಡಿಕೊಂಡ ಚೇಷ್ಟೆ.

ಬರಿಯ ಸದ್ದು ಹೊಂದಿತು ಎಂದು ಖುಷಿಪಡುವುದೂ ಅಪಾಯ. ನಮ್ಮ ಕಾಸು ಮತ್ತು ಇಂಗ್ಲಿಷರ ಕ್ಯಾಶ್ ಒಂದೇ ಎಂದು ಬರೆದಿದ್ದೀ. ಅರ್ಧ ಸರಿ. ಕಂಪನಿ ಕಾಲದ ಕಾಗದಪತ್ರಗಳಲ್ಲಿ ಬರುವ, ದಕ್ಷಿಣ ಭಾರತದ ಪುಡಿನಾಣ್ಯಕ್ಕೆ ಹೇಳುವ ‘ಕ್ಯಾಶ್’ ನಮ್ಮ ಕಾಸಿನಿಂದಲೇ ಪೋರ್ಚುಗೀಸರ ಬಾಯಿ ದಾಟಿ ಹೋದದ್ದು. ಅಂಗಡಿಯಲ್ಲಿ ‘ಕ್ಯಾಶ್ ಕೊಡಿ’ ಎನ್ನುವ ಕ್ಯಾಶ್ ಬೇರೆ. ಅದು ಫ್ರೆಂಚ್, ಇಟಾಲಿಯನ್ ಭಾಷೆಗಳ ಹಣದ ಪೆಟ್ಟಿಗೆಯಿಂದ ಬಂದದ್ದು. ಎರಡು ಹೊಳೆ ಒಂದೇ ಕಡಲಿಗೆ ಸೇರಿದ ಹಾಗೆ.

ಇನ್ನು ಅರ್ಥ ಕೆಡುವುದು. ಆಡುಮಾತಿನ ಅರ್ಧಪಾಲು ಸೊಗಸು ಇಲ್ಲೇ ಇರುವುದು, ಆದರೆ ನೀನು ಎರಡು ಸಾಲಿನಲ್ಲಿ ಮುಗಿಸಿದ್ದೀ. ಆಡಳಿತ ನಡೆಸುವವರ ಭಾಷೆಯ ಗಂಭೀರ ಪದಗಳು ಬೀದಿಗೆ ಇಳಿಯುವಾಗ ಅವುಗಳ ಮರ್ಯಾದೆ ಹೋಗುತ್ತದೆ. ‘ಮಸಲತ್ತು’ ಮೂಲದಲ್ಲಿ ಹಿತದ ಆಲೋಚನೆ, ಒಳ್ಳೆಯ ಸಲಹೆ. ನಾವು ಒಳಸಂಚಿಗೆ ಹೇಳುತ್ತೇವೆ. ‘ತಕರಾರು’ ಎಂದರೆ ಹೇಳಿದ್ದನ್ನೇ ಮತ್ತೆ ಮತ್ತೆ ಹೇಳುವುದು. ಕಚೇರಿ ಮೆಟ್ಟಿಲು ಹತ್ತಿದವನಿಗೆ ಇದು ಜಗಳ ಎಂದು ಹೇಗೆ ಆಯಿತು ಎಂದು ವಿವರಿಸಬೇಕಾಗಿಲ್ಲ. ‘ದಿಮಾಕು’ ಮೂಲದಲ್ಲಿ ಬರಿಯ ಮಿದುಳು, ನಮಗೆ ಸೊಕ್ಕು. ‘ಬದ್ಮಾಷ್’ನ ಮಾಷ್ ಎಂದರೆ ಜೀವನೋಪಾಯ, ಕೆಟ್ಟ ದಾರಿಯಲ್ಲಿ ಹೊಟ್ಟೆ ಹೊರೆಯುವವನು. ‘ಮಾಮೂಲು’ ರೂಢಿಯಲ್ಲಿರುವುದು ಎಂದಷ್ಟೇ ಇತ್ತು. ರೂಢಿಯಂತೆ ಕೊಡುವ ಕಾಣಿಕೆಯಾಯಿತು, ಕಡೆಗೆ ಲಂಚ. ಇದರ ವಿಶೇಷ ಏನೆಂದರೆ ಹಳೆಯ ಅರ್ಥವೂ ಸಾಯಲಿಲ್ಲ. ‘ಮಾಮೂಲಿನ ಹಾಗೆ ಬಂದು ಮಾಮೂಲು ತೆಗೆದುಕೊಂಡು ಹೋದ’ ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ.

ಬೇವರ್ಸಿ ಬಗ್ಗೆ ಸ್ವಲ್ಪ ಜಾಗ್ರತೆ. ಬೇ ಎಂದರೆ ಇಲ್ಲದ, ವಾರಿಸ್ ಎಂದರೆ ವಾರಸುದಾರ. ವಾರಸುದಾರರಿಲ್ಲದ ಆಸ್ತಿಗೆ ಹೇಳುವ ಕಾನೂನಿನ ಮಾತು. ಆಸ್ತಿಯಿಂದ ಮನುಷ್ಯನಿಗೆ ಬಂತು, ಹೇಳಕೇಳುವವರಿಲ್ಲದವನು ಎಂಬ ಬೈಗುಳವಾಯಿತು. ನಮ್ಮ ಹುಡುಗರು ಗೆಳೆಯನನ್ನು ಪ್ರೀತಿಯಿಂದ ಕರೆಯಲೂ ಇದನ್ನೇ ಬಳಸುತ್ತಾರೆ. ಬೈಗುಳದ ಮೇಲೆ ಬರೆಯುವಾಗ ಯಾರು ಯಾರಿಗೆ ಹೇಳಬಹುದು, ಎಲ್ಲಿ ಹೇಳಿದರೆ ಪೆಟ್ಟು ಬೀಳುತ್ತದೆ ಎಂಬುದನ್ನು ಬರೆಯದಿದ್ದರೆ ಅರ್ಥ ಅರ್ಧವೇ ಬಂದಂತೆ. ಜಾತಿಯ ಹೆಸರಿನ ಬೈಗುಳಗಳನ್ನು ನಗೆಗಾಗಿ ತರಬೇಡ. ಎರಡನೇ ಕಂತಿನಲ್ಲಿ ಒಂದು ಉಂಟು, ತೆಗೆದುಹಾಕು.

ಮಂಡೆಬಿಸಿ ತುಳುವಿನ ‘ಮಂಡೆ ಬೆಚ್ಚ’ದ ಅನುವಾದ ಎಂದು ಖಡಾಖಂಡಿತ ಬರೆದಿದ್ದೀ. ‘ಮಂಡೆ’ ಕನ್ನಡದ್ದೂ ಹೌದು, ಘಟ್ಟದ ಮೇಲೆ ‘ತಲೆಬಿಸಿ’ ಎಂದು ಧಾರಾಳ ಹೇಳುತ್ತಾರೆ. ಚಿಂತೆಯಿಂದ ತಲೆ ಕಾಯುವ ಕಲ್ಪನೆ ಎರಡೂ ಕಡೆ ಇರುವಾಗ ಯಾರು ಯಾರಿಂದ ತೆಗೆದುಕೊಂಡರು ಎಂದು ತೀರ್ಪು ಕೊಡುವುದು ಆತುರ. ‘ಎರಡರಲ್ಲೂ ಉಂಟು’ ಎಂದು ಬರೆ.

ಕಸುಬಿನಿಂದ, ಆಟದಿಂದ ಬಂದ ಮಾತುಗಳು ಸುಲಭ. ಯಕ್ಷಗಾನದ ಕೊನೆಗೆ ಮಂಗಳ ಹಾಡುತ್ತಾರೆ, ಅದಕ್ಕೇ ಅರ್ಧಕ್ಕೆ ನಿಂತ ಕೆಲಸಕ್ಕೂ ‘ಮಂಗಳ ಹಾಡಿದ’ ಎನ್ನುತ್ತೇವೆ. ಬಸ್ಸಿನ ಕಂಡಕ್ಟರ್ ‘ಪೋಯಿ ಪೋಯಿ’ ಎಂದರೆ ತುಳುವಿನಲ್ಲಿ ಹೋಗೋಣ ಎಂದು. ‘ಹೋಲ್ಡಾನ್’ ಇಂಗ್ಲಿಷಿನ ಹೋಲ್ಡ್ ಆನ್. ತಾರೀಕು ಗಟ್ಟಿಯಾಗಿ ಸಿಗುವ ಪದಗಳನ್ನು ಮಾತ್ರ ಬಿಡಬೇಡ. ‘ಆ ಗದ್ದೆ ಡಿಕ್ಲರೇಶನ್‌ನಲ್ಲಿ ಹೋಯ್ತು’ ಎಂದು ಹಿರಿಯರು ಹೇಳುವುದು ಕೇಳಿರುತ್ತೀ. 1974ರ ಭೂಸುಧಾರಣೆ ತಿದ್ದುಪಡಿಯ ಬಳಿಕ ಗೇಣಿದಾರರು ಜಮೀನಿಗಾಗಿ ಕೊಟ್ಟ ಅರ್ಜಿಯ ಹೆಸರೇ ಒಂದು ಇಡೀ ಘಟನೆಯ ಹೆಸರಾಯಿತು. ಇಲ್ಲಿ ಹುಟ್ಟಿದ ವರ್ಷ ಗೊತ್ತು, ಕಾರಣ ಗೊತ್ತು, ಆಡುವವರು ಇನ್ನೂ ಇದ್ದಾರೆ. ಇಂಥದ್ದನ್ನು ಬಿಟ್ಟು ನೀನು ವಾಟ್ಸಾಪಿನ ಕಥೆಗಳ ಹಿಂದೆ ಹೋಗಿದ್ದೀ.

ಆ ಕಥೆಗಳ ಲಕ್ಷಣ ಗುರುತಿಸುವುದು ಕಷ್ಟ ಅಲ್ಲ. ಪದದ ಒಂದೊಂದು ಅಕ್ಷರಕ್ಕೂ ಒಂದೊಂದು ಪದ ಬಿಡಿಸಿ ಕೊಟ್ಟಿದ್ದರೆ ಹತ್ತರಲ್ಲಿ ಒಂಬತ್ತು ಸುಳ್ಳು. ನ್ಯೂಸ್ ಎಂದರೆ ನಾಲ್ಕು ದಿಕ್ಕು, ಟಿಪ್ ಎಂದರೆ ಬೇಗ ಸೇವೆಗಾಗಿ ಕೊಟ್ಟ ಹಣ, ಇವೆಲ್ಲ ಆಮೇಲೆ ಕಟ್ಟಿದ್ದು. ಮೊದಲಕ್ಷರಗಳಿಂದ ನಿಜವಾಗಿಯೂ ಹುಟ್ಟಿದ ಓಕೆಯ ಸಾಕ್ಷಿ ಹೇಗಿದೆ ನೋಡು: ‘ಆಲ್ ಕರೆಕ್ಟ್’ ಎಂಬುದನ್ನು ಬೇಕೆಂದೇ ‘oll korrect’ ಎಂದು ತಪ್ಪು ಕಾಗುಣಿತದಲ್ಲಿ ಬರೆಯುವ ತಮಾಷೆ ಅಮೆರಿಕದಲ್ಲಿತ್ತು, 1839ರ ಮಾರ್ಚ್ 23ರ ಬೋಸ್ಟನ್ ಮಾರ್ನಿಂಗ್ ಪೋಸ್ಟಿನಲ್ಲಿ ಅದು ಅಚ್ಚಾಗಿದೆ. ಪತ್ರಿಕೆ, ದಿನ, ಸಾಲು. ಇಷ್ಟಿದ್ದರೆ ನಂಬು.

ನಮ್ಮೂರಿನ ಅಭಿಮಾನದ ಕಥೆಗಳಿಗೂ ಇದೇ ತಕ್ಕಡಿ. ದೋಷದಿಂದ ದೋಸೆ ಬಂತು ಎಂಬ ಉಡುಪಿಯ ಭಟ್ಟರ ಕಥೆ ಕೇಳಲು ಲಾಯ್ಕ. ಆದರೆ 12ನೇ ಶತಮಾನದ ಸಂಸ್ಕೃತ ಗ್ರಂಥ ಮಾನಸೋಲ್ಲಾಸದಲ್ಲೇ ‘ಧೋಸಕ’ ಎಂದು ಬರುತ್ತದೆ, ತಮಿಳಿನಲ್ಲಿ ‘ತೋಸೈ’ ಉಂಟು. ಖಾಕಿ ಮಂಗಳೂರಿನಲ್ಲಿ ಹುಟ್ಟಿತು ಎನ್ನುವಾಗ ಬಟ್ಟೆಯ ಬಣ್ಣವನ್ನೂ ಪದವನ್ನೂ ಬೇರೆ ಮಾಡು. ಬಾಸೆಲ್ ಮಿಶನ್ನಿನ ನೇಯ್ಗೆ ಕಾರ್ಖಾನೆಯಲ್ಲಿ ಆ ಬಣ್ಣ ತಯಾರಿಸಿದ ಕೀರ್ತಿಯನ್ನು ಊರು ಜಾನ್ ಹಾಲರ್ ಅವರಿಗೆ ಕೊಡುತ್ತದೆ. ಪದ ಮಾತ್ರ ಪಾರಸಿಯ ಖಾಕ್, ಧೂಳು. 1840ರ ದಶಕದ ಕೊನೆಗೇ ಪೇಶಾವರದಲ್ಲಿದ್ದ ಬ್ರಿಟಿಷರ ಗೈಡ್ಸ್ ಪಡೆಯವರು ಧೂಳುಬಣ್ಣದ ಉಡುಪು ತೊಡುತ್ತಿದ್ದರು.

ನಿಘಂಟು ನೋಡುವ ಬಗೆ ಹೇಳುತ್ತೇನೆ. ಕಿಟೆಲ್ ಅವರ ಕನ್ನಡ ನಿಘಂಟು 1894ರಲ್ಲಿ ಮಂಗಳೂರಿನಲ್ಲೇ ಅಚ್ಚಾದದ್ದು, ಮ್ಯಾನರ್ ಅವರ ತುಳು ನಿಘಂಟು 1886ರದ್ದು. ಇವುಗಳಲ್ಲಿ ಒಂದು ಪದ ಇದ್ದರೆ ಆ ವರ್ಷಕ್ಕಿಂತ ಮೊದಲೇ ಬಳಕೆಯಲ್ಲಿತ್ತು ಎಂದು ಧೈರ್ಯವಾಗಿ ಬರೆಯಬಹುದು. ಇಲ್ಲ ಎಂದರೆ ಇರಲೇ ಇಲ್ಲ ಎಂದಲ್ಲ. ಪೋಲಿ ಮಾತು, ಬೀದಿ ಮಾತು ಬಹಳಷ್ಟು ಆ ಬಲೆಗೆ ಬೀಳಲಿಲ್ಲ. ಉಡುಪಿಯ ಎಂಜಿಎಂ ಕಾಲೇಜಿನ ಗೋವಿಂದ ಪೈ ಸಂಶೋಧನ ಕೇಂದ್ರ 1988ರಿಂದ 1997ರ ತನಕ ತಂದ 6 ಸಂಪುಟದ ತುಳು ನಿಘಂಟು ಈ ಕೊರತೆಯನ್ನು ಬಹಳ ಮಟ್ಟಿಗೆ ತುಂಬುತ್ತದೆ. ಪ್ರದೇಶವಾರು ರೂಪಗಳನ್ನು ಕೊಡುತ್ತದೆ, ಬೇರೆ ದ್ರಾವಿಡ ಭಾಷೆಗಳ ಸೋದರ ಪದಗಳನ್ನೂ ಕೊಡುತ್ತದೆ. ಹುಡುಕುವಾಗ ಕಾಗುಣಿತ ಅದಲುಬದಲು ಮಾಡಿ ನೋಡು. ಸಕತ್, ಸಖತ್ ಎರಡನ್ನೂ. ಲ, ಳ ಎರಡನ್ನೂ. ನಮ್ಮ ಬಾಯಲ್ಲಿ ಮಹಾಪ್ರಾಣ ನಿಲ್ಲುವುದಿಲ್ಲವಾದ್ದರಿಂದ ಕಾಗುಣಿತದ ಮೇಲೆ ಮೂಲ ತೀರ್ಮಾನಿಸಬೇಡ.

ತಿದ್ದುವಾಗ ಪ್ರತಿ ಕಂತನ್ನೂ ವಾಕ್ಯದಿಂದ ಶುರುಮಾಡು, ಮೂಲವನ್ನು ಆಮೇಲೆ ತಾ. ಜನರ ಕಥೆಯನ್ನು ಬಿಡಬೇಕಾಗಿಲ್ಲ, ಕಥೆ ಎಂದು ಹೇಳಿ ಕೊನೆಗೆ ಇಡು. ಮುನ್ನೂರು ಪದದ ಕಂತಿಗೆ ಒಂದೇ ಪದ ಸಾಕು. ನೀನು ಒಂದರಲ್ಲಿ ಏಳು ತುರುಕಿದ್ದೀ. ಮೊದಲು ಲಾಯ್ಕ, ಮಾಮೂಲು, ಡಿಕ್ಲರೇಶನ್ ಈ ಮೂರನ್ನು ಬರೆದು ಕಾರ್ಡುಗಳ ಜೊತೆಗೇ ಕಳಿಸು. ಡಿಕ್ಲರೇಶನ್‌ಗೆ ಗೇಣಿ ಮಾಡಿದ ಮನೆಯವರನ್ನೂ ಧಣಿಗಳ ಮನೆಯವರನ್ನೂ ಕೇಳು. ಅದೇ ಪದವನ್ನು ಇಬ್ಬರೂ ಬೇರೆ ಬೇರೆ ಸ್ವರದಲ್ಲಿ ಹೇಳುತ್ತಾರೆ.

ಇತಿ,
ನಿನ್ನ ಹಿರಿಯ ಗೆಳೆಯ