ಅಪ್ಪನ ವಾಚು, ಅಮ್ಮನ ಸೆರಗು

ಈ ಸಂಚಿಕೆಯ ಮುಖಪುಟವನ್ನು ಇನ್ನೊಮ್ಮೆ ನೋಡಿ. ದೂರದಿಂದ ಬಣ್ಣದ ಚಿತ್ರ ಅನ್ನಿಸುತ್ತದೆ. ಹತ್ತಿರ ಹೋದರೆ ಎಡಗಡೆಯ ಕೆಂಪು ಬಣ್ಣವಲ್ಲ, ಇಳಕಲ್ ಸೀರೆಯ ಸೆರಗು. ಅದರ ಪಕ್ಕದ ತಿಳಿನೀಲಿ ಹಳೇ ಏರೋಗ್ರಾಮಿನ, ಅಂದರೆ ವಿದೇಶಕ್ಕೆ ಬರೆಯುತ್ತಿದ್ದ ವಿಮಾನ ಅಂಚೆ ಪತ್ರದ, ಕಾಗದ. ಮೇಲೆ ಸಾಲಾಗಿ ಕಾಣುವುದು ಅಂಗಿಯ ಗುಂಡಿಗಳು. ಕೆಳಗೆ ಮೂಲೆಯಲ್ಲಿ ಒಂದು ಎಚ್‌ಎಂಟಿ ವಾಚು, ಗಾಜೆಲ್ಲ ಗೀರು, ಪಟ್ಟಿ ಇಲ್ಲ. ಸಿಡ್ನಿಯ ನಮ್ಮ ಸಂಘದ ಸದಸ್ಯೆಯೊಬ್ಬರು ತೀರಿಕೊಂಡ ತಂದೆತಾಯಿಯ ನೆನಪಿಗೆ ಮಾಡಿದ ಚಿತ್ರ ಇದು. ಹೆಸರು ಹಾಕಬೇಡಿ ಅಂದರು, ಹಾಕಿಲ್ಲ.

ಇದಕ್ಕೆ ಮಿಕ್ಸೆಡ್ ಮೀಡಿಯಾ ಅನ್ನುತ್ತಾರೆ. ಬಣ್ಣದ ಜೊತೆಗೆ ಬಟ್ಟೆ, ಕಾಗದ, ಫೋಟೊ, ಮನೆಯ ಸಾಮಾನು ಎಲ್ಲವೂ ಬರಬಹುದು. 1912ರಲ್ಲಿ ಪಿಕಾಸೊ ಬೆತ್ತದ ಕುರ್ಚಿಯ ಹೆಣಿಗೆ ಅಚ್ಚಾಗಿದ್ದ ಮೇಣಬಟ್ಟೆಯನ್ನು ಕ್ಯಾನ್ವಾಸಿಗೆ ಅಂಟಿಸಿ, ಸುತ್ತಲೂ ಹಗ್ಗವನ್ನೇ ಚೌಕಟ್ಟು ಮಾಡಿದ. ಅಲ್ಲಿಂದಾಚೆಗೆ ಇದು ಕಲೆಯೋ ಅಲ್ಲವೋ ಅಂತ ಯಾರೂ ಜಾಸ್ತಿ ಜಗಳ ಆಡಲಿಲ್ಲ ಅಂತಿಟ್ಟುಕೊಳ್ಳಿ. ನನಗೆ ಆ ಚರಿತ್ರೆಗಿಂತ ಈ ಚಿತ್ರದ ವಸ್ತುಗಳು ಇಲ್ಲಿಯವರೆಗೆ ಬಂದ ದಾರಿ ಮುಖ್ಯ.

ಹೊರದೇಶದಲ್ಲಿ ಇರುವ ನಮಗೆ ಅಪ್ಪ ಅಮ್ಮ ಹೋದಮೇಲೆ ಊರಿನ ಮನೆ ಖಾಲಿ ಮಾಡುವ ಕೆಲಸ ಹೇಗೆ ನಡೆಯುತ್ತದೆ ಅನ್ನೋದು ನಿಮಗೆಲ್ಲ ಗೊತ್ತು. ವೈಕುಂಠ ಸಮಾರಾಧನೆ ಮುಗಿಯುವ ಹೊತ್ತಿಗೆ ರಜೆ ಮುಗಿಯುತ್ತಾ ಬಂದಿರುತ್ತದೆ. ಬ್ಯಾಂಕಿನ ಕಾಗದ, ಖಾತೆ ಬದಲಾವಣೆ, ಮರಣ ಪ್ರಮಾಣಪತ್ರದ ಪ್ರತಿಗಳು ಅಂತ ಓಡಾಟ. ಪಾತ್ರೆಗಳು ಅಕ್ಕನ ಮನೆಗೆ, ಒಳ್ಳೆ ಸೀರೆಗಳು ನೆಂಟರಿಗೆ. ಉಳಿದದ್ದು ಗುಜರಿಯವರ ಗಾಡಿಗೆ. ಆ ಗಾಡಿಯಲ್ಲಿ ಏನೇನು ಹೋಯಿತು ಅಂತ ನೆನಪಾಗುವುದು ವಿಮಾನ ಹತ್ತಿದ ಮೇಲೆ.

ಸೂಟ್‌ಕೇಸಿಗೆ ಹಿಡಿದದ್ದನ್ನೂ ಇಲ್ಲಿ ಸಿಡ್ನಿ ವಿಮಾನ ನಿಲ್ದಾಣದಲ್ಲಿ ಬಿಚ್ಚಿ ತೋರಿಸಬೇಕು. ಮರದ ವಸ್ತು, ಬೀಜ, ಒಣಗಿದ ಎಲೆ ಯಾವುದಿದ್ದರೂ ಫಾರಂನಲ್ಲಿ ಬರೆಯಬೇಕು. ಅಮ್ಮನ ಕಡಗೋಲನ್ನು ತಿರುಗಿಸಿ ತಿರುಗಿಸಿ ಹುಳದ ತೂತು ಇದೆಯಾ ಅಂತ ನೋಡುತ್ತಾರೆ. ಅಪ್ಪನ ಅಡಕತ್ತರಿಗೆ ತಕರಾರಿಲ್ಲ, ಅಡಿಕೆಗೆ ಮಾತ್ರ ಪ್ರವೇಶವಿಲ್ಲ. ಇಷ್ಟೆಲ್ಲ ದಾಟಿ ಬಂದದ್ದು ಆಮೇಲೆ ಗ್ಯಾರೇಜಿನ ಪ್ಲಾಸ್ಟಿಕ್ ಡಬ್ಬಿಯಲ್ಲಿ ಕೂರುತ್ತದೆ. ಎಸೆಯಲು ಮನಸ್ಸಿಲ್ಲ, ಇಡಲು ಜಾಗ ಇಲ್ಲ. ಮುಖಪುಟದ ಚಿತ್ರ ಹುಟ್ಟಿದ್ದು ಅಂಥ ಡಬ್ಬಿಯಿಂದಲೇ.

ಬೀಜಿಂಗಿನ ಕಲಾವಿದ ಸಾಂಗ್ ಡಾಂಗ್ ಇದನ್ನು ತುಂಬಾ ದೊಡ್ಡದಾಗಿ ಮಾಡಿದ್ದಾನೆ. 2002ರಲ್ಲಿ ಅವನ ತಂದೆ ತೀರಿಕೊಂಡರು. ತಾಯಿ ಝಾವ್ ಶಿಯಾಂಗ್‌ಯುವಾನ್ ದುಃಖದಲ್ಲಿ ಮನೆಯ ಒಂದು ಸಾಮಾನನ್ನೂ ಬಿಡಲೊಲ್ಲರು. ರೇಷನ್ ಕಾಲ ಕಂಡ ಹೆಂಗಸು. ಸಾಬೂನು, ಬಾಟಲಿ ಮುಚ್ಚಳ, ಖಾಲಿಯಾದ ಟೂತ್‌ಪೇಸ್ಟ್ ಟ್ಯೂಬು, ಬಟ್ಟೆ ಚೂರು ಎಲ್ಲ ಜೋಪಾನ. ಮಗ ಎಸೆ ಅನ್ನಲಿಲ್ಲ, ಬಾ ಇದನ್ನೆಲ್ಲ ಜೋಡಿಸೋಣ ಅಂದ. 2005ರಲ್ಲಿ ಹತ್ತು ಸಾವಿರಕ್ಕೂ ಹೆಚ್ಚು ವಸ್ತುಗಳನ್ನು ಬಗೆಬಗೆಯಾಗಿ ವಿಂಗಡಿಸಿ ನೆಲದ ಮೇಲೆ ಹರಡಿದರು. ನಡುವೆ ಹಳೇ ಮನೆಯ ಮರದ ಚೌಕಟ್ಟು. ಅಮ್ಮ ಅಲ್ಲೇ ಕೂತು ಬಂದವರ ಜೊತೆ ಒಂದೊಂದು ಸಾಮಾನಿನ ಕತೆ ಹೇಳುತ್ತಿದ್ದರು. ಮೇಲೆ ನಿಯಾನ್ ದೀಪದಲ್ಲಿ ಮಗ ಅಪ್ಪನಿಗೊಂದು ಮಾತು ಬರೆದಿದ್ದ: ಚಿಂತೆ ಮಾಡಬೇಡ ಅಪ್ಪ, ಅಮ್ಮನೂ ನಾವೂ ಚೆನ್ನಾಗಿದ್ದೇವೆ. 2009ರಲ್ಲಿ ಅದು ನ್ಯೂಯಾರ್ಕಿನ ಆಧುನಿಕ ಕಲಾ ಮ್ಯೂಸಿಯಮ್ಮಿಗೆ ಹೋದಾಗ ಅಮ್ಮನೂ ಇರಲಿಲ್ಲ. 2013ರಲ್ಲಿ ನಮ್ಮ ಸಿಡ್ನಿಯ ಕ್ಯಾರೇಜ್‌ವರ್ಕ್ಸ್ ಕಲಾಕೇಂದ್ರಕ್ಕೂ ಬಂದಿತ್ತು. ನಮ್ಮಲ್ಲಿ ಕೆಲವರು ನೋಡಿರಬಹುದು.

ಒಬ್ಬರು ಹೇಳಿದರು, ಅದರಲ್ಲೇನಿದೆ, ನಮ್ಮಜ್ಜಿಯ ಅಟ್ಟ ಇದ್ದದ್ದೇ ಹಾಗೆ ಅಂತ. ಸರಿಯೇ. ಆದರೆ ಅಟ್ಟದ ಸಾಮಾನಿನ ಕತೆ ಹೇಳಿ ಅಂತ ಅಜ್ಜಿಯನ್ನು ಯಾರೂ ಕೂರಿಸಿ ಕೇಳಲಿಲ್ಲ, ಅಲ್ವಾ?

ಹಾಗಂತ ಇದೆಲ್ಲ ನಮಗೆ ಹೊಸದೇನಲ್ಲ. ಹಳೇ ಮೈಸೂರು ಕಡೆಯ ಮನೆಗಳಲ್ಲಿ ಪಿತೃಪಕ್ಷಕ್ಕೆ ಎಡೆ ಇಡುವುದನ್ನು ನೆನಪು ಮಾಡಿಕೊಳ್ಳಿ. ಹಿರಿಯರ ಹೆಸರಲ್ಲಿ ಹೊಸ ಬಟ್ಟೆ. ಮುಂದೆ ಬಾಳೆಎಲೆ. ಅದರಲ್ಲಿ ಅವರಿಗೆ ಏನು ಇಷ್ಟವೋ ಅದು. ಕಜ್ಜಾಯ, ವಡೆ, ಕೆಲವು ಮನೆಗಳಲ್ಲಿ ಬಾಡೂಟ, ಎಲೆಅಡಿಕೆ, ತಾತ ಸೇದುತ್ತಿದ್ದ ಬೀಡಿ ಕಟ್ಟು, ಕೆಲವೊಮ್ಮೆ ಒಂದು ಕ್ವಾರ್ಟರ್ ಬಾಟಲಿ. ಯಾರಿಗೂ ನಾಚಿಕೆ ಇಲ್ಲ. ಆ ಎಲೆ ನೋಡಿದರೆ ಸತ್ತವರು ಎಂಥವರಾಗಿದ್ದರು ಅಂತ ಬೀದಿಯವರಿಗೂ ಗೊತ್ತಾಗುತ್ತದೆ. (ಇಲ್ಲಿ ಮಹಾಲಯ ಅಮಾವಾಸ್ಯೆ ಬರುವುದು ಮ್ಯಾಗ್‌ಪೈ ಹಕ್ಕಿಗಳು ಗೂಡು ಕಾಯುತ್ತಾ ಜನರ ತಲೆಗೆ ಕುಕ್ಕುವ ಕಾಲದಲ್ಲೇ. ಹಿತ್ತಲಲ್ಲಿ ಕಾಗೆಗೆ ಅನ್ನ ಇಡಲು ಹೋಗುವವರು ಟೋಪಿ ಹಾಕಿಕೊಳ್ಳಿ.)

ಕೌದಿಯೂ ಹಾಗೇ. ಉತ್ತರ ಕರ್ನಾಟಕದ ಮನೆಗಳಲ್ಲಿ ಅವ್ವನ ಹಳೇ ಸೀರೆ, ಅಪ್ಪನ ಧೋತರ ಪದರಪದರವಾಗಿ ಸೇರಿ ಮೊಮ್ಮಕ್ಕಳ ಹೊದಿಕೆ ಆಗುತ್ತದೆ. ಹಳಿಯಾಳ, ಯಲ್ಲಾಪುರದ ಕಡೆ ಸಿದ್ದಿ ಹೆಣ್ಣುಮಕ್ಕಳು ಅಂಚಿನಿಂದ ಶುರುಮಾಡಿ ಒಳಗೆ ಒಳಗೆ ಹೊಲಿಯುತ್ತಾ ನಡುವಿಗೆ ಬರುತ್ತಾರೆ. ಅಮೆರಿಕದ ಕಲಾವಿದೆ ಫೇತ್ ರಿಂಗ್‌ಗೋಲ್ಡ್ ತಮ್ಮ ಮೊದಲ ಕೌದಿಯನ್ನು 1980ರಲ್ಲಿ ಹೊಲಿದದ್ದು ತಾಯಿ ವಿಲ್ಲಿ ಪೋಸಿಯ ಜೊತೆ ಕೂತು. ತಾಯಿ ಬಟ್ಟೆ ವಿನ್ಯಾಸ ಮಾಡುವವರು. ಮರುವರ್ಷ ಅವರು ತೀರಿಕೊಂಡರು. ಮಗಳು ಆಮೇಲೂ ವರ್ಷಗಟ್ಟಲೆ ಕತೆ ಬರೆದ ಕೌದಿಗಳನ್ನು ಮಾಡಿದರು.

ಮುಖಪುಟದ ಚಿತ್ರಕ್ಕೆ ಬರುತ್ತೇನೆ. ಅದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಸೆರಗಲ್ಲ, ವಾಚೂ ಅಲ್ಲ. ನಡುವೆ ಸ್ವಲ್ಪ ಕೆಳಗೆ, ಬಣ್ಣದಡಿ ಅರ್ಧ ಮುಚ್ಚಿರುವ ಮಾರ್ಕ್ಸ್ ಕಾರ್ಡು. ಗಣಿತದಲ್ಲಿ ಕಮ್ಮಿ ಅಂಕ ಬಂತು ಅಂತ ಅಪ್ಪ ಸಿಟ್ಟಿನಲ್ಲಿ ಹರಿದು ಎಸೆದಿದ್ದರಂತೆ. ರಾತ್ರಿ ಅಮ್ಮ ಚೂರುಗಳನ್ನು ಆಯ್ದು, ಅನ್ನದ ಅಗುಳು ಮೆತ್ತಿ ಅಂಟಿಸಿ, ಬೆಳಿಗ್ಗೆ ಅದಕ್ಕೇ ಅಪ್ಪನ ಸಹಿ ಹಾಕಿಸಿದ್ದರಂತೆ. ಹರಿದ ಗೆರೆಗಳು ಈಗಲೂ ಕಾಣುತ್ತವೆ. ಅನ್ನ ಒಣಗಿದ ಕಡೆ ಕಂದು ಕಲೆ. ಸಹಿ ಆ ಹರಕಿನ ಮೇಲೆ ಹಾದುಹೋಗಿದೆ, ಒಂದು ಅಕ್ಷರ ಅರ್ಧ ಮೇಲೆ, ಅರ್ಧ ಕೆಳಗೆ.

ಚಿತ್ರ ಮಾಡಿದವರ ತಮ್ಮನಿಗೆ ಇದು ಸರಿ ಕಾಣಲಿಲ್ಲ. ಫೋನಿನಲ್ಲಿ, ಅಪ್ಪನ ಒಳ್ಳೇದು ಏನೂ ಸಿಗಲಿಲ್ವಾ ನಿಂಗೆ, ಅಂದನಂತೆ. ಅವನ ಬೇಜಾರು ಅರ್ಥವಾಗುತ್ತದೆ. ಆದರೆ ನಾನು ಅಕ್ಕನ ಕಡೆ. ನಾವು ತಂದೆತಾಯಿಯನ್ನು ನೆನೆಯುವ ರೀತಿ ನೋಡಿ. ಪಾಸ್‌ಪೋರ್ಟ್ ಫೋಟೊ ಹಿಗ್ಗಿಸಿ, ಜನ್ಮದಲ್ಲಿ ಕೋಟು ಹಾಕದ ಮನುಷ್ಯನಿಗೆ ಸ್ಟುಡಿಯೋದವನು ಕೋಟು ತೊಡಿಸಿ, ಗಂಧದ ಹಾರ ಹಾಕಿ ಗೋಡೆಗೆ ಏರಿಸುತ್ತೇವೆ. ನಮ್ಮ ಪತ್ರಿಕೆಗೆ ಬರುವ ಶ್ರದ್ಧಾಂಜಲಿಗಳೂ ಹಾಗೇ. ಸರಳ ಸಜ್ಜನ, ಮಿತಭಾಷಿ, ಪರೋಪಕಾರಿ. ಹೆಸರು ಬದಲಾಯಿಸಿದರೆ ಯಾರಿಗೆ ಬೇಕಾದರೂ ಹೊಂದುತ್ತದೆ. ಮಾರ್ಕ್ಸ್ ಕಾರ್ಡಿನ ಅಪ್ಪ ಇನ್ಯಾರಿಗೂ ಹೊಂದುವುದಿಲ್ಲ. ಆ ಅಮ್ಮನಂತೂ ಹೊಂದುವುದೇ ಇಲ್ಲ.

ಜಪಾನಿನ ಇಶಿಯುಚಿ ಮಿಯಾಕೊ ಅನ್ನುವ ಛಾಯಾಗ್ರಾಹಕಿಗೆ ತಾಯಿಯ ಜೊತೆ ಅಷ್ಟಕ್ಕಷ್ಟೇ ಇತ್ತು. 2000ದಲ್ಲಿ ತಾಯಿ ತೀರಿಕೊಂಡ ಮೇಲೆ ಅವರ ಒಳಉಡುಪು, ಬಳಸಿ ಸವೆದ ಲಿಪ್‌ಸ್ಟಿಕ್ಕು ಇಂಥವುಗಳ ಫೋಟೊ ತೆಗೆದರು. 2005ರಲ್ಲಿ ವೆನಿಸ್ ಬಿಯೆನಾಲೆ ಅನ್ನುವ ಅಂತರರಾಷ್ಟ್ರೀಯ ಕಲಾ ಪ್ರದರ್ಶನದಲ್ಲಿ ಜಪಾನ್ ತೋರಿಸಿದ್ದು ಆ ಚಿತ್ರಗಳನ್ನೇ. ಬದುಕಿದ್ದಾಗ ಸರಿಹೋಗದ ಮಾತು ಆಮೇಲಾದರೂ ನಡೆಯಲಿ ಅಂತ ಸಾಮಾನುಗಳ ಮುಂದೆ ಕೂತ ಹಾಗಿದೆ.

ಕೋವಿಡ್ ಕಾಲದಲ್ಲಿ ಹೋದವರ ಮಕ್ಕಳಿಗೆ ಮಾತು ಮುಗಿಸುವ ಅವಕಾಶವೇ ಸಿಗಲಿಲ್ಲ. 2020ರ ಮಾರ್ಚಿನಲ್ಲಿ ಆಸ್ಟ್ರೇಲಿಯಾದ ಗಡಿ ಮುಚ್ಚಿತು. 2021ರ ಏಪ್ರಿಲ್ ಕೊನೆಯಲ್ಲಿ, ಊರಲ್ಲಿ ಎರಡನೇ ಅಲೆ ಏರಿದ್ದಾಗ, ಭಾರತದಿಂದ ಬರುವ ವಿಮಾನಗಳೂ ನಿಂತವು. ನಮ್ಮ ಎಷ್ಟೋ ಸದಸ್ಯರು ಅಪ್ಪನಿಗೆ ಬೆಂಕಿ ಇಟ್ಟದ್ದನ್ನು ವಾಟ್ಸಾಪ್‌ನಲ್ಲಿ ನೋಡಿದರು. ಅವರ ಹತ್ತಿರ ಸೂಟ್‌ಕೇಸಿನಲ್ಲಿ ತಂದದ್ದು ಏನೂ ಇಲ್ಲ. ಇರುವುದು ಫೋನಿನಲ್ಲಿ. ಅಮ್ಮನ ವಾಯ್ಸ್ ಮೆಸೇಜು, “ಹಲೋ, ಕೇಳಿಸ್ತಾ? ಊಟ ಆಯ್ತಾ?” ಅಂತ ಶುರುವಾಗಿ ಕುಕ್ಕರಿನ ಸೀಟಿಗೆ ನಿಂತುಹೋಗುವಂಥದ್ದು. ಅದೂ ಚಿತ್ರದೊಳಗೆ ಬರಬಹುದು. ಒಬ್ಬರು ಚಿತ್ರದ ಹಿಂದೆ ಕ್ಯುಆರ್ ಕೋಡ್ ಅಂಟಿಸಿದ್ದಾರೆ, ಸ್ಕ್ಯಾನ್ ಮಾಡಿದರೆ ದನಿ ಕೇಳುತ್ತದೆ. ಒಳ್ಳೆ ಉಪಾಯ. ಆದರೆ ಲಿಂಕುಗಳು ಸಾಯುತ್ತವೆ, ಫೋನು ಬದಲಾಗುತ್ತದೆ. ದನಿಯ ಫೈಲನ್ನು ಇನ್ನೆರಡು ಕಡೆ ಇಟ್ಟುಕೊಂಡಿರಿ.

ನೀವೂ ಕೈಹಾಕುವುದಾದರೆ, ಮುಖಪುಟದವರು ಹೇಳಿದ ಕೆಲವು ಮಾತು. ಮೂಲ ಫೋಟೊ, ಮೂಲ ಪತ್ರ ಅಂಟಿಸಲೇಬೇಡಿ. ಸ್ಕ್ಯಾನ್ ಮಾಡಿ ಪ್ರತಿ ಬಳಸಿ. ಮಾರ್ಕ್ಸ್ ಕಾರ್ಡೂ ಪ್ರತಿಯೇ, ಅಸಲಿ ಭದ್ರವಾಗಿದೆ. ಪ್ರತಿ ಲೇಸರ್ ಪ್ರಿಂಟರಿನದ್ದಾಗಿರಲಿ, ಇಂಕ್‌ಜೆಟ್ ಶಾಯಿ ಅಂಟಿನ ನೀರಿಗೆ ಹರಡಿಕೊಳ್ಳುತ್ತದೆ. ಫೋಟೊ ಕ್ಯಾನ್ವಾಸಿಗೇ ಇಳಿಯಬೇಕು ಅಂದರೆ ಅಕ್ರಿಲಿಕ್ ಜೆಲ್ ಮೀಡಿಯಂ (ಚಿತ್ರಕಲೆಗೆ ಬಳಸುವ ಗಟ್ಟಿ ಅಂಟು) ಬಳಿದು, ಪ್ರಿಂಟನ್ನು ಬೋರಲು ಹಾಕಿ ಒತ್ತಿ. ಪೂರ್ತಿ ಒಣಗಿದ ಮೇಲೆ ನೀರು ಮುಟ್ಟಿಸಿ ಕಾಗದವನ್ನು ಬೆರಳಲ್ಲಿ ಉಜ್ಜಿ ತೆಗೆಯಿರಿ, ಚಿತ್ರ ಉಳಿಯುತ್ತದೆ. ಆದರೆ ಎಡ ಬಲ ಅದಲುಬದಲಾಗುತ್ತದೆ. ಮುಖಕ್ಕಾದರೆ ಪರವಾಗಿಲ್ಲ, ಬರವಣಿಗೆಗೆ ಕಷ್ಟ. ಅಮ್ಮನ ಕೈಬರಹ ಇಳಿಸುವುದಿದ್ದರೆ ಮೊದಲೇ ಕಂಪ್ಯೂಟರಿನಲ್ಲಿ ತಿರುಗಿಸಿ ಪ್ರಿಂಟ್ ತೆಗೆಯಿರಿ. ರೇಷ್ಮೆ ಸೀರೆಗೆ ಗೋಂದು ಬೇಡ, ಕಲೆಯಾಗಿ ರಟ್ಟಿನಂತೆ ಬಿರುಸಾಗುತ್ತದೆ. ಸೂಜಿ ದಾರದಲ್ಲಿ ಹೊಲಿಯಿರಿ. ಇನ್ನು ಎಲ್ಲಕ್ಕಿಂತ ಮುಖ್ಯ, ಹಿಂಬದಿಯಲ್ಲಿ ಬರೆಯಿರಿ. ಅವರ ಚಿತ್ರದ ಬೆನ್ನಿಗೆ ಹೀಗಿದೆ: “ಗುಂಡಿಗಳು ಅಪ್ಪ ಆಫೀಸಿಗೆ ಹಾಕುತ್ತಿದ್ದ ಬಿಳಿ ಅಂಗಿಯವು. ಅಂಗಿ ಹರಿದರೆ ಅಮ್ಮ ಗುಂಡಿ ಬಿಚ್ಚಿ ಬೋರ್ನ್‌ವಿಟಾ ಡಬ್ಬಿಗೆ ಹಾಕುತ್ತಿದ್ದಳು, ಬಟ್ಟೆ ನೆಲ ಒರೆಸಲು.” ಇಲ್ಲಿ ಹುಟ್ಟಿದ ಮೊಮ್ಮಕ್ಕಳಿಗೆ ಇದನ್ನು ಬೇರೆ ಯಾರು ಹೇಳುತ್ತಾರೆ? ಕನ್ನಡ ಓದಲು ಬಾರದ ಮಕ್ಕಳಿದ್ದರೆ ಇಂಗ್ಲಿಷಿನಲ್ಲೂ ಒಂದು ಸಾಲು ಇರಲಿ. ನನ್ನದೇನೂ ತಕರಾರಿಲ್ಲ.

ಮುಂದಿನ ಸಂಚಿಕೆಯಿಂದ ಇದಕ್ಕಾಗಿ ಒಂದು ಪುಟ ಬಿಡುತ್ತಿದ್ದೇವೆ. ಚಿತ್ರಕಲೆ ಬರಬೇಕು ಅಂತಿಲ್ಲ. ರಟ್ಟಿನ ಮೇಲೆ ನಾಲ್ಕು ಚೂರು ಜೋಡಿಸಿದ್ದರೂ ಸಾಕು. ಚಿತ್ರದ ಮುಂಭಾಗ, ಹಿಂಭಾಗ ಎರಡರ ಫೋಟೊವನ್ನೂ ಬೆಳಕಿರುವ ಕಡೆ ತೆಗೆದು ಇಮೇಲಿನಲ್ಲಿ ಕಳುಹಿಸಿ. ವಾಟ್ಸಾಪ್‌ನಲ್ಲಿ ಬೇಡ, ಅದು ಹಿಸುಕಿ ಕಳುಹಿಸುತ್ತದೆ, ಅಚ್ಚಿಗೆ ಬರುವುದಿಲ್ಲ. ಜೊತೆಗೆ ಅರ್ಧ ಪುಟದ ಬರಹ ಇರಲಿ. “ಸರಳ ಸಜ್ಜನ” ಅಂತ ಬರೆದದ್ದನ್ನು ನಾನು ಮುಲಾಜಿಲ್ಲದೆ ಹೊಡೆದುಹಾಕುತ್ತೇನೆ, ಬೇಜಾರಾಗಬೇಡಿ.

– ಸಂಪಾದಕ