ಮಗಳಿಗೊಂದು ಪತ್ರ: ಅಸಲು ಪಾಸಿಗೆ ಬಿಸಿ ತಾಗಿಸಬೇಡ

ಚಿ. ಮಾಲಿನಿಗೆ ಅಪ್ಪನ ಆಶೀರ್ವಾದಗಳು.

ನಿನ್ನೆ ಫೋನಿನಲ್ಲಿ ದನಿ ಏರಿಸಿಬಿಟ್ಟೆ, ಮನಸ್ಸಿಗೆ ಹಚ್ಚಿಕೊಳ್ಳಬೇಡ. ಭಾರತೀಯರು ಟ್ರಿನಿಡಾಡಿಗೆ ಬಂದಿಳಿದ ನೆನಪಿನ ಮೇ 30ರ ಅರೈವಲ್ ಡೇಗೆ ಮುಂಚೆ, ಅಲ್ಲಿನ ಮನೆತನದವರು ನಿಮ್ಮ ಸಂಗ್ರಹಾಲಯಕ್ಕೆ ತಂದುಕೊಟ್ಟ ವಲಸೆ ಪಾಸುಗಳನ್ನೆಲ್ಲ, ಅಂದರೆ ಅವರ ಹಿರಿಯರಿಗೆ ಹಡಗು ಹತ್ತುವಾಗ ಕೊಟ್ಟ ಗುರುತಿನ ಚೀಟಿಗಳನ್ನೆಲ್ಲ, ಲ್ಯಾಮಿನೇಟ್ ಮಾಡಿಸುತ್ತೇವೆ ಅಂದೆಯಲ್ಲ, ಅಲ್ಲಿಂದ ನಿದ್ದೆ ಬಂದಿಲ್ಲ.

ಲ್ಯಾಮಿನೇಷನ್ ಹಾಳೆಯ ಒಳಮೈಗೆ ಅಂಟು ಬಳಿದಿರುತ್ತದೆ. ಮೆಷಿನ್ನಿನ ಬಿಸಿಗೆ ಅದು ಕರಗಿ ಕಾಗದದ ನಾರಿನೊಳಕ್ಕೆ ಇಳಿಯುತ್ತದೆ. ಆಮೇಲೆ ಬಿಡಿಸಹೋದರೆ ಅಕ್ಷರವೂ ಕಿತ್ತು ಬರುತ್ತದೆ. ಹಳೆಯ ಕಾಗದದಲ್ಲಿ ಮೊದಲೇ ಇರುವ ಆಮ್ಲ ಒಳಗೇ ಉಳಿದು ಅದನ್ನು ಹಳದಿಯಾಗಿಸಿ ಪುಡಿ ಮಾಡುತ್ತದೆ. ಟ್ರಿನಿಡಾಡಿನ ತೇವಕ್ಕೆ ಅಂಚು ಬಿಟ್ಟುಕೊಂಡರೆ ಒಳಗೆ ಬೂಷ್ಟು ಬೆಳೆಯುತ್ತದೆ, ಒರೆಸಲು ಬೆರಳೂ ಹೋಗದು.

1845ರಲ್ಲಿ ಬಂದ ಫತೆಲ್ ರಜಾಕ್ ಹಡಗಿನಿಂದ ಹಿಡಿದು 1917ರವರೆಗೆ ಸುಮಾರು 1,43,000 ಜನ ಭಾರತದಿಂದ ಕರಾರಿನ ಕೂಲಿಗಳಾಗಿ ಆ ದ್ವೀಪಕ್ಕೆ ಹೋದರು. ಪಾಸಿನಲ್ಲಿ ಅಪ್ಪನ ಹೆಸರು, ಜಿಲ್ಲೆ, ಠಾಣೆ, ಊರು, ಎತ್ತರ, ಮೈಮೇಲಿನ ಮಚ್ಚೆ, ಗಾಯದ ಗುರುತು ಎಲ್ಲ ಇರುತ್ತದೆ. ಬಿಹಾರದ ಯಾವುದೋ ಹಳ್ಳಿಯನ್ನು ಮರಿಮಗ ಹುಡುಕಿ ಹೊರಟರೆ ಅವನ ಕೈಲಿರುವುದು ಆ ಒಂದು ಸಾಲು. ಅದು ಅಳಿಸಿಹೋದರೆ ಯಾರನ್ನು ಕೇಳುವುದು? ಇದನ್ನು ನಿನಗೆ ಹೇಳಬೇಕಾಗಿಲ್ಲ, ಆದರೂ ಹೇಳುತ್ತಿದ್ದೇನೆ.

ಹೀಗೆ ಮಾಡಿ. ಮೊದಲು ಪ್ರತಿ ಪಾಸನ್ನೂ ಎರಡೂ ಬದಿ 600 ಡಿಪಿಐನಲ್ಲಿ ಬಣ್ಣದಲ್ಲೇ ಸ್ಕ್ಯಾನ್ ಮಾಡಿ. ಪ್ರದರ್ಶನಕ್ಕೆ ಅದರ ಪ್ರಿಂಟ್ ಸಾಕು. ಆ ಪ್ರಿಂಟನ್ನು ಧಾರಾಳವಾಗಿ ಲ್ಯಾಮಿನೇಟ್ ಮಾಡಿಸಿ, ಮಕ್ಕಳು ಮುಟ್ಟಲಿ. ಅಸಲನ್ನು ಎರಡು ಪಾಲಿಯೆಸ್ಟರ್ ಹಾಳೆಗಳ ನಡುವೆ ಇಡಿ. 75 ಅಥವಾ 100 ಮೈಕ್ರಾನಿನ ಮೈಲಾರ್ ಆದೀತು. ಎರಡು ಬದಿ ಅಂಟುವ ಟೇಪನ್ನು ಕಾಗದದಿಂದ ಕನಿಷ್ಠ 3 ಮಿ.ಮೀ. ದೂರ ಹಚ್ಚಿ, ಮೂಲೆಗಳನ್ನು ತೆರೆದೇ ಬಿಡಿ. ಹಿಂದೆ ಆಮ್ಲರಹಿತ ಹಾಳೆಯೊಂದು ಇರಲಿ. ಅಂಗಡಿಯ ಪಿವಿಸಿ ಕವರ್ ಬೇಡವೇ ಬೇಡ, ಅದು ಶಾಯಿಯನ್ನು ಎಳೆದುಕೊಳ್ಳುತ್ತದೆ. ನಿಮ್ಮ ದಾಖಲೆ ಪುಸ್ತಕದ ನಂಬರನ್ನು ಕಾಗದದ ಹಿಂಬದಿಯ ಮೂಲೆಯಲ್ಲಿ 2ಬಿ ಪೆನ್ಸಿಲಿನಿಂದ ಹಗುರವಾಗಿ ಬರೆ. ವರ್ಷ, ಕೊಡುಗೆ, ವಸ್ತು ಈ ಕ್ರಮದಲ್ಲಿ, 2025.7.3 ಅನ್ನುವ ಹಾಗೆ. ಕೊಟ್ಟವರ ಸಹಿ ಇರುವ ದಾನಪತ್ರಕ್ಕೂ ಅದೇ ನಂಬರು.

ಜೂನಿನಿಂದ ನಿಮಗೆ ಮಳೆಗಾಲ. ಕಾಗದ ನೆನೆದರೆ ಬಿಸಿಲಿಗೆ ಹಾಕಬೇಡಿ, ಸೊಟ್ಟಗಾಗಿ ಶಾಯಿ ಮಾಸುತ್ತದೆ. ಒಂದೆರಡಾದರೆ ಬ್ಲಾಟಿಂಗ್ ಪೇಪರಿನ ಮೇಲೆ ಹರಡಿ, ಫ್ಯಾನಿನ ಗಾಳಿ ನೇರ ಬೀಳದಂತೆ ಒಣಗಿಸಿ. ರಾಶಿ ನೆನೆದಿದ್ದರೆ 48 ಗಂಟೆಯೊಳಗೆ, ನಡುನಡುವೆ ಮೇಣದ ಕಾಗದ ಇಟ್ಟು, ಜಿಪ್ ಚೀಲಕ್ಕೆ ಹಾಕಿ ಫ್ರೀಜರಿಗೆ ಸೇರಿಸಿ. ತಡವಾದರೆ ಬೂಷ್ಟು ಹತ್ತುತ್ತದೆ. ಬೂಷ್ಟು ಹಿಡಿದದ್ದನ್ನು ಎನ್-95 ಮಾಸ್ಕ್ ಇಲ್ಲದೆ ನೀನು ಮುಟ್ಟಕೂಡದು. ಉಬ್ಬಸ ಇರುವವಳು ನೀನು, ಬೇರೆಯವರ ಕೈಗೆ ಕೊಡು.

ಹಾಗೇ, ದಾನ ಬಂದ ಹಿತ್ತಾಳೆ ತಂಬಿಗೆಗಳನ್ನು ಹುಣಸೆಹಣ್ಣು ಹಾಕಿ ತಿಕ್ಕಿಸಬೇಡ. ಕೆತ್ತಿದ ಹೆಸರು ಸವೆದುಹೋಗುತ್ತದೆ.

ಸಂಬಳವಿಲ್ಲದೆ ಶನಿವಾರಗಳನ್ನೆಲ್ಲ ಅಲ್ಲೇ ಕಳೆಯುತ್ತೀಯಲ್ಲ, ಅಮ್ಮ ಅದನ್ನು ಬಂದವರಿಗೆಲ್ಲ ಹೇಳುತ್ತಾಳೆ. ನಾನೂ ಹೇಳುತ್ತೇನೆ. ಲ್ಯಾಮಿನೇಷನ್ ಮೆಷಿನ್ ತಂದ ಹಿರಿಯರ ಹತ್ತಿರ ಜಗಳಕ್ಕೆ ನಿಲ್ಲಬೇಡ. ಒಂದು ಹಳೆಯ ಬಿಲ್ಲನ್ನು ಲ್ಯಾಮಿನೇಟ್ ಮಾಡಿ, ಬಿಡಿಸಲು ಅವರ ಕೈಗೇ ಕೊಡು.

ಮೈಲಾರ್ ಅಲ್ಲಿ ಸಿಗದಿದ್ದರೆ ಪಾಸುಗಳ ಅಳತೆ ಬರೆದು ಕಳಿಸು. ಕತ್ತರಿಸಿ ಪಾರ್ಸೆಲ್ ಮಾಡುತ್ತೇನೆ.

ಇಂತಿ,
ಅಪ್ಪ