ಕಾಂಬೋಡಿಯಾಕ್ಕೆ ಹೊರಟ ಮಗಳಿಗೆ

ಪ್ರೀತಿಯ ಮಗಳೇ,

ಯೇಸುಸ್ವಾಮಿಯ ಹೆಸರಿನಲ್ಲಿ ನಿನಗೆ ಅಮ್ಮನ ಆಶೀರ್ವಾದ. ನೀನು ಮಿಶನ್ ತಂಡದ ಜೊತೆ ಬಟ್ಟಂಬಾಂಗ್‌ಗೆ ಹೋಗಿ ಮಕ್ಕಳಿಗೆ ಇಂಗ್ಲಿಷ್ ಕಲಿಸುತ್ತೀಯ ಅಂತ ಗೊತ್ತಾದಾಗಿನಿಂದ ಸಭೆಯವರೆಲ್ಲ ನಿಮಗಾಗಿ ಪ್ರಾರ್ಥಿಸುತ್ತಿದ್ದಾರೆ. ನಾನೂ ಶಾಲೆಯಲ್ಲಿ ಪಾಠ ಮಾಡಿದವಳು. ಹಾಗಾಗಿ ನಿನಗೆ ಹೇಳಲೇಬೇಕಾದ ಕೆಲವು ಮಾತುಗಳಿವೆ.

ಆ ದೇಶದ ಮೇಷ್ಟ್ರುಗಳಿಗೆ ಏನಾಯಿತು ಅನ್ನುವುದನ್ನು ಮೊದಲು ತಿಳಿದುಕೊ. 1975ರಿಂದ 1979ರವರೆಗೆ ಅಲ್ಲಿ ಖ್ಮೇರ್ ರೂಜ್ ಅನ್ನುವ ಕಮ್ಯುನಿಸ್ಟ್ ಗುಂಪಿನ ಆಳ್ವಿಕೆ ಇತ್ತು. ಶಾಲೆಗಳನ್ನು ಮುಚ್ಚಿಸಿದರು. ಓದಿದವರು, ಪಾಠ ಹೇಳುವವರು ಅಂತ ಗೊತ್ತಾದರೆ ಪ್ರಾಣಕ್ಕೇ ಕುತ್ತು. ಹಸಿವು, ಕಾಯಿಲೆ, ಕೊಲೆ ಎಲ್ಲ ಸೇರಿ ಸುಮಾರು 17 ಲಕ್ಷ ಜನ ಸತ್ತರು. ರಾಜಧಾನಿ ನಾಮ್ ಪೆನ್ ನಗರದ ಒಂದು ಹೈಸ್ಕೂಲನ್ನೇ ಸೆರೆಮನೆ ಮಾಡಿಕೊಂಡರು, ತರಗತಿಗಳ ಒಳಗೆ ಗೋಡೆ ಕಟ್ಟಿ ಕೈದಿಗಳನ್ನು ಕೂಡಿಹಾಕಿದರು. ಅದೀಗ ತುವೋಲ್ ಸ್ಲೆಂಗ್ ಮ್ಯೂಸಿಯಂ. ತಂಡದವರಿಗೆ ಹೇಳಿ ಅಲ್ಲಿಗೆ ಹೋಗಿ ಬಾ. ನಿನ್ನ ಹತ್ತಿರ ಬರುವ ಮಗುವಿನ ಅಜ್ಜಿ, ಸ್ಲೇಟು ಹಿಡಿಯಬೇಕಾದ ವಯಸ್ಸಿನಲ್ಲಿ ಬಂದೂಕಿನ ಕಾವಲಲ್ಲಿ ಗದ್ದೆ ಕೆಲಸ ಮಾಡಿದವಳಿರಬಹುದು. ಅವಳು ನಿನ್ನನ್ನು ನಂಬಿ ಮೊಮ್ಮಗುವನ್ನು ನಿನ್ನ ಬಳಿ ಬಿಟ್ಟು ಹೋಗುತ್ತಾಳೆ. ಆ ನಂಬಿಕೆಗೆ ಚ್ಯುತಿ ಬರಬಾರದು.

ಅದಕ್ಕೇ ಹೇಳುವುದು, ಇಂಗ್ಲಿಷ್ ಪಾಠ ಅಂತ ಕರೆದ ಮೇಲೆ ಇಂಗ್ಲಿಷ್ ಪಾಠವನ್ನೇ ಮಾಡು. ಪ್ರಾರ್ಥನೆಗೆ ಕೂತರೆ ಮಾತ್ರ ಪೆನ್ಸಿಲು, ಬಿಸ್ಕತ್ತು ಅನ್ನುವುದು ಬೇಡವೇ ಬೇಡ. ಬೌದ್ಧ ಧರ್ಮ ಅಲ್ಲಿನ ರಾಷ್ಟ್ರಧರ್ಮ, ಸಂವಿಧಾನದಲ್ಲೇ ಹಾಗಿದೆ. ಹಣ, ಸಾಮಾನು ಕೊಟ್ಟು ಮತಾಂತರ ಮಾಡುವುದಕ್ಕೆ ನಿಷೇಧವೂ ಇದೆ. ಆದರೆ ನಾನು ಕಾನೂನಿಗೆ ಹೆದರಿ ಹೇಳುತ್ತಿಲ್ಲ. ಏನೂ ತಿಳಿಯದ ಮಗುವಿಗೆ ಆಸೆ ತೋರಿಸಿ ಒಲಿಸಿಕೊಳ್ಳುವುದು ನಮ್ಮ ಸ್ವಾಮಿಗೇ ಮಾಡುವ ಅವಮಾನ ಅಲ್ವಾ? ನಿನ್ನ ನಂಬಿಕೆಯನ್ನು ಮುಚ್ಚಿಡಲೂ ಬೇಡ. ದೊಡ್ಡವರು ಯಾರಾದರೂ ಕೇಳಿದರೆ, ಪೇತ್ರನ ಮೊದಲನೆಯ ಪತ್ರದ 3ನೇ ಅಧ್ಯಾಯದಲ್ಲಿ ಇರುವಂತೆ, ಸಾತ್ವಿಕವಾಗಿ ಉತ್ತರ ಕೊಡು. ಕೇಳಿದವರಿಗೆ ಮಾತ್ರ.

ಇನ್ನೊಂದು ವಿಷಯ. ನಮ್ಮ ಮನೆತನಕ್ಕೆ ಓದು ಬಂದದ್ದು ಬಾಸೆಲ್ ಮಿಶನ್ ಶಾಲೆಯಿಂದ. 1834ರಲ್ಲಿ ಮಂಗಳೂರಿಗೆ ಬಂದ ಆ ಮಿಶನ್ನಿನವರಲ್ಲಿ ನನಗೆ ತುಂಬ ಗೌರವ ಇರುವುದು ಕಿಟ್ಟೆಲ್ ಅವರ ಮೇಲೆ. 1853ರಲ್ಲಿ ಈ ಕಡೆ ಬಂದಾಗ ಅವರಿಗೆ 21 ವರ್ಷ, ಹೆಚ್ಚುಕಮ್ಮಿ ನಿನ್ನ ವಯಸ್ಸು. ಅವರ ಕನ್ನಡ ನಿಘಂಟು ಅಚ್ಚಾದದ್ದು 1894ರಲ್ಲಿ. ಅಷ್ಟು ವರ್ಷ ಅವರು ನಮ್ಮ ಜನರಿಂದ ಕಲಿಯುತ್ತಲೇ ಇದ್ದರು. ನೀನಿರುವುದು ಕೆಲವೇ ತಿಂಗಳು, ಆದರೂ ಮೊದಲ ದಿನದಿಂದಲೇ ಅಲ್ಲಿನ ಖ್ಮೇರ್ ಭಾಷೆ ಕಲಿ. ತಂಡದ ಬೇರೆಯವರಿಗಿಂತ ನಿನಗೆ ಬೇಗ ಬರಬಹುದು. ಅವರ ಅಕ್ಷರಮಾಲೆಯೂ ನಮ್ಮ ಹಾಗೆ ಕ, ಖ, ಗ ಕ್ರಮದಲ್ಲೇ ಇದೆ, ಒತ್ತಕ್ಷರಗಳನ್ನೂ ಕೆಳಗೇ ಬರೆಯುತ್ತಾರೆ. ಉಚ್ಚಾರ ಮಾತ್ರ ಬೇರೆ, ಅದನ್ನು ಮಕ್ಕಳೇ ಹೇಳಿಕೊಡಲಿ. ಟೀಚರ್ ತಪ್ಪು ಮಾಡಿ ತಿದ್ದಿಕೊಳ್ಳುವುದನ್ನು ನೋಡಿದರೆ ಅವರಿಗೂ ಬಾಯಿಬಿಡಲು ಧೈರ್ಯ ಬರುತ್ತದೆ.

ಖ್ಮೇರ್ ಭಾಷೆಯಲ್ಲಿ ಕಾಲಕ್ಕೆ ತಕ್ಕಂತೆ ಕ್ರಿಯಾಪದ ಬದಲಾಗುವುದಿಲ್ಲ, ಬಹುವಚನದ ಪ್ರತ್ಯಯವೂ ಇಲ್ಲ. ಹಾಗಾಗಿ 'ಯೆಸ್ಟರ್ಡೇ ಐ ಗೋ', 'ಟೂ ಬುಕ್' ಅಂತ ಕೇಳಿಸಿದರೆ ಮಗು ದಡ್ಡ ಅಂದುಕೊಳ್ಳಬೇಡ. ಸರಿಯಾದ ವಾಕ್ಯವನ್ನು ನೀನೇ ಒಂದು ಸಲ ಹೇಳು, ಮುಂದಕ್ಕೆ ಹೋಗು. ವ್ಯಾಕರಣದ ನಿಯಮ ಆಮೇಲೆ. ಪ್ರೀತಿಯಿಂದಲೂ ಯಾರ ತಲೆಯನ್ನೂ ಮುಟ್ಟಬೇಡ, ಅಲ್ಲಿ ಅದು ಮರ್ಯಾದೆ ಅಲ್ಲ. ಹಿರಿಯರಿಗೆ ನಮ್ಮಂತೆಯೇ ಕೈಮುಗಿಯುತ್ತಾರೆ.

ಎಲ್ಲಕ್ಕಿಂತ ಮುಖ್ಯವಾದದ್ದು, ನೀವು ವಾಪಸ್ ಬಂದಮೇಲೆ ಅಲ್ಲಿ ಪಾಠ ಮಾಡುವವರು ಯಾರು? ಆ ಊರಿನ ಟೀಚರ್ ಒಬ್ಬರನ್ನು ಮೊದಲ ವಾರದಿಂದಲೇ ಜೊತೆಗಿಟ್ಟುಕೊ. ಕೊನೆಕೊನೆಗೆ ಅವರು ಬೋರ್ಡಿನ ಮುಂದೆ ನಿಲ್ಲಲಿ, ನೀನು ಹಿಂದಿನ ಬೆಂಚಿನಲ್ಲಿ ಕೂತು ಮಕ್ಕಳ ನೋಟ್‌ಬುಕ್ ತಿದ್ದು. ಮಕ್ಕಳಿಗೆ 'ಮತ್ತೆ ಬರ್ತೇನೆ' ಅಂತ ಸುಮ್ನೆ ಮಾತು ಕೊಡಬೇಡ. ಅವರು ಕಾಯುತ್ತಾರೆ.

ಡೆಂಗಿ ಇರುವ ಊರು, ಸೊಳ್ಳೆಪರದೆ ಮರೆಯಬೇಡ. ಕಾಯಿಸಿದ ನೀರೇ ಕುಡಿ. ಭಾನುವಾರ ಆರಾಧನೆ ಮುಗಿದ ಮೇಲೆ ಫೋನ್ ಮಾಡು, ಅಪ್ಪ ಕಾಯುತ್ತಿರುತ್ತಾರೆ.

ನಿನ್ನ,
ಅಮ್ಮ